ಕೌದಿಯವಳು ಹೊರಟ ವೇಳೆ

ನಮ್ಮ ಓಣಿಯ ರಿಜಿಸ್ಟರಿನಲ್ಲಿ ಆರು ಕಾಲಂಗಳಿದ್ದವು: ಕ್ರಮಸಂಖ್ಯೆ, ಬಂದವರು, ಯಾರ ಮನೆಗೆ, ಯಾವ ಕೆಲಸಕ್ಕೆ, ಬಂದ ವೇಳೆ, ಹೊರಟ ವೇಳೆ. ಗೆರೆ ಎಳೆದವಳು ನಾನು. ಒಂದು ಗೆರೆಯೂ ಓರೆಯಾಗದಂತೆ, ಶಿರೋನಾಮೆಗಳ ಕೆಳಗೆ ಕೆಂಪು ಶಾಯಿಯ ಅಡ್ಡಗೆರೆ ಬರುವಂತೆ, ಇಪ್ಪತ್ತಾರು ವರ್ಷ ಹಾಜರಿ ಪುಸ್ತಕ ಬರೆದ ಕೈಯಿಂದ ಎಳೆದಿದ್ದೆ. ಅದರ ಆರನೆಯ ಕಾಲಮಿನಲ್ಲಿ ನಾನು ಬರೆದ ಒಂದು ಸುಳ್ಳಿನ ಬಗ್ಗೆ ಈ ಬರಹ. ಅದನ್ನು ಸುಳ್ಳು ಎಂದು ಕರೆಯಲು ನನಗೆ ಮೂರು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ಅಂದಾಜು ಎನ್ನುತ್ತಿದ್ದೆ.

ಬೈಲಹೊಂಗಲದ ಅಂಚಿನಲ್ಲಿ, ಒಂದು ಕಾಲಕ್ಕೆ ಹತ್ತಿ ಬೆಳೆಯುತ್ತಿದ್ದ ಎರೆ ಹೊಲವನ್ನು ಪ್ಲಾಟು ಮಾಡಿ ಕಟ್ಟಿದ ಬಡಾವಣೆ ನಮ್ಮದು. ಓಣಿಯ ಮೊದಲ ಮನೆ ನನ್ನದು. ಒಳಗೆ ಬರುವವರೂ ಹೊರಗೆ ಹೋಗುವವರೂ ನನ್ನ ಕಿಟಕಿಯನ್ನು ದಾಟಲೇಬೇಕು. ಮನೆಯವರು ಧಾರವಾಡದಲ್ಲಿ ನೌಕರಿ ಮಾಡುತ್ತಾರೆ, ಶನಿವಾರ ಸಂಜೆ ಬರುತ್ತಾರೆ. ಗಂಟಲಿನ ತೊಂದರೆಯಿಂದ ದನಿ ಕುಗ್ಗಿ, ವೈದ್ಯರು ಮಾತು ಕಡಿಮೆ ಮಾಡಬೇಕೆಂದ ಮೇಲೆ ನಾನು ಹೈಸ್ಕೂಲಿನ ಕೆಲಸದಿಂದ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡೆ. ಕನ್ನಡ ಕಲಿಸುತ್ತಿದ್ದವಳು. ದನಿಯಿಲ್ಲದ ಶಿಕ್ಷಕಿಯೆಂದರೆ ಗಂಟೆಯಿಲ್ಲದ ಶಾಲೆ. ಮನೆಯಲ್ಲಿ ಕುಳಿತ ಮೊದಲ ವರ್ಷ, ಯಾರೂ ನನ್ನ ಅಪ್ಪಣೆಗೆ ಕಾಯದ ಆ ಬೆಳಗುಗಳಲ್ಲಿ, ನಾನು ಏತಕ್ಕೂ ಬೇಡವಾದವಳೆಂದು ತಿಳಿದಿದ್ದೆ.

ಆಗ ಪಕ್ಕದ ಬಡಾವಣೆಯಲ್ಲಿ ವಾಕಿಂಗಿಗೆ ಹೋದ ಹೆಣ್ಣುಮಗಳೊಬ್ಬಳ ಕೊರಳ ಸರವನ್ನು ಬೈಕಿನಲ್ಲಿ ಬಂದವರು ಹರಿದುಕೊಂಡು ಹೋದರು. ಹದಿನೈದು ದಿನಗಳಲ್ಲಿ, ಬೀಗ ಹಾಕಿದ ಒಂದು ಮನೆಯ ಹಿಂಬಾಗಿಲನ್ನು ಯಾರೋ ಮುರಿದರು. ನಮ್ಮ ಓಣಿಯಲ್ಲಿ ಏನೂ ಆಗಿರಲಿಲ್ಲ. ಆದರೆ ಫೋನಿನ ಗ್ರೂಪಿನಲ್ಲಿ ದಿನಕ್ಕೊಂದು ಸುದ್ದಿ ಬರತೊಡಗಿತು. ಸವದತ್ತಿಯದು, ಕಿತ್ತೂರಿನದು, ಎಲ್ಲಿಯದೋ ತಿಳಿಯದ ಊರಿನದು, ಎಲ್ಲವೂ ನಮ್ಮ ಬಾಗಿಲಿನಲ್ಲೇ ನಡೆದಂತೆ ಓದಿಕೊಂಡೆವು. ಬಡಾವಣೆಯ ಸಂಘದ ಅಧ್ಯಕ್ಷರು, ಅಂಚೆ ಇಲಾಖೆಯಿಂದ ನಿವೃತ್ತರಾದವರು, ಪೊಲೀಸ್ ಅಧಿಕಾರಿಯನ್ನು ಕರೆಸಿ ಒಂದು ಸಭೆ ಮಾಡಿದರು. ಈ ಭಾಗದಲ್ಲಿ ಕಳವು ಹೋದ ವರುಷಕ್ಕಿಂತ ಕಡಿಮೆಯೇ ಆಗಿದೆಯೆಂದು ಅಧಿಕಾರಿ ಹೇಳಿದರೂ ಯಾರ ಮುಖದಲ್ಲೂ ಸಮಾಧಾನ ಕಾಣಲಿಲ್ಲ.

"ಕಳವು ಕಮ್ಮಿ ಆಗಿರಬಹುದ್ರಿ ಸಾಹೇಬ್ರ," ಎಂದರು ಅಧ್ಯಕ್ಷರು. "ಮಂದೀ ಹೆದರಿಕಿ ಕಮ್ಮಿ ಆಗಿಲ್ಲಲ್ರಿ."

"ಹೆದರಿಕಿದ ಕಂಪ್ಲೇಂಟ ನಾವು ಬರಕೊಳ್ಳೂದಿಲ್ರಿ," ಎಂದರು ಅಧಿಕಾರಿ. ಎಲ್ಲರೂ ನಕ್ಕರು. ನಕ್ಕ ಮೇಲೆಯೂ ಹೆದರಿಕೆ ಅಲ್ಲೇ ಕುಳಿತಿತ್ತು.

ಓಣಿಗೆ ಬರುವ ಹೊರಗಿನವರನ್ನು ಬರೆದಿಡುವ ರಿಜಿಸ್ಟರೊಂದು ಬೇಕೆಂಬ ಮಾತು ಬಂದಾಗ ಎಲ್ಲರ ಕಣ್ಣು ನನ್ನ ಕಡೆ ತಿರುಗಿತು. "ಟೀಚರ, ಇದು ನಿಮ್ಮಿಂದ ಆಗೂ ಕೆಲಸ. ನೀವು ಬರದ್ರಂದ್ರ ಅಲ್ಲಿಗೆ ಮುಗೀತು," ಎಂದರು ಅಧ್ಯಕ್ಷರು. ಆ ಮಾತಿನಿಂದ ನನಗಾದ ಸುಖವನ್ನು ಮುಚ್ಚಿಡುವುದಿಲ್ಲ. ದನಿಯಿಲ್ಲದೆಯೂ ಶಿಸ್ತು ಕಾಪಾಡುವ ಒಂದು ಕೆಲಸ ಮತ್ತೆ ಕೈಗೆ ಬಂದಿತ್ತು.

ಬರೆಯತೊಡಗಿದೆ. ಕಾಯಿಪಲ್ಲೆ ಗಾಡಿಯವನು, ಗ್ಯಾಸ್ ಸಿಲಿಂಡರು ತರುವವನು, ಹಳೆಯ ಕಬ್ಬಿಣ ಕೊಳ್ಳುವವನು, ಭಾಂಡೆ ತಿಕ್ಕುವ ಹೆಂಗಸರು. ಈಗ ಆ ಹಾಳೆಗಳನ್ನು ತಿರುವಿ ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ಕಾರಿನಲ್ಲಿ ಬಂದವರ ಹೆಸರು ಒಂದೂ ಇಲ್ಲ. ಅವರನ್ನು ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ನನ್ನ ಕೈಯೇ ಬಿಟ್ಟಿತ್ತು.

ಕೌದಿ ಹೊಲಿಯುವ ಆಯಿ ಬರತೊಡಗಿದ್ದು ಆ ದಿನಗಳಲ್ಲಿ. ಮುರಗೋಡದವಳು, ಅರುವತ್ತರ ಹತ್ತಿರದ ವಯಸ್ಸು, ಬಲಗೈ ಹೆಬ್ಬೆರಳ ತುದಿಯಲ್ಲಿ ಸೂಜಿಯ ಒತ್ತಿಗೆ ಬಿದ್ದ ಗಟ್ಟಿ ಗಂಟು. ನನ್ನ ಶಾಲೆಯ ದಿನಗಳ ಹತ್ತಿ ಸೀರೆಗಳು ಒಂದು ಟ್ರಂಕಿನ ತುಂಬ ಇದ್ದವು. ಉಡಲಾಗದು, ಎಸೆಯಲಾಗದು, ಕೌದಿ ಮಾಡಿಸೋಣವೆಂದುಕೊಂಡೆ. ಆಕೆ ಬೆಳಗಿನ ಬಸ್ಸಿಗೆ ಬಂದು, ಕಾರಿಗೆಂದು ಕಟ್ಟಿ ಕಾರಿಲ್ಲದೆ ಉಳಿದ ನಮ್ಮ ಮನೆಯ ಮುಂದಿನ ಶೆಡ್ಡಿನ ನೆರಳಿನಲ್ಲಿ ಸೀರೆ ಹಾಸಿ, ಅದರ ಮೇಲೆ ಇನ್ನೊಂದು ಹಾಸಿ, ಅಂಚಿನಿಂದ ಒಳಗೆ ಸಾಲುಸಾಲಾಗಿ ಹೊಲಿಯುತ್ತ ಬರುವಳು. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಕೆಲಸ ಮಡಚಿಟ್ಟು ಹೋಗುವಳು. ಅಕ್ಷರ ಬಾರದು. ಆದರೆ ಆಕೆಯ ಹೊಲಿಗೆಯ ಸಾಲುಗಳು ನಾನು ಸ್ಕೇಲಿಟ್ಟು ಎಳೆದ ಗೆರೆಗಳಿಗಿಂತ ನೇರ.

ಸೀರೆ ಬಿಡಿಸಿದಾಗ ಮಡಿಕೆಯಿಂದ ಬಿಳಿ ಪುಡಿ ಉದುರಿತು.

"ಇದೇನ್ರಿ ಅಕ್ಕಾರ, ಸೀರ್ಯಾಗ ಸುಣ್ಣ?"

"ಸುಣ್ಣ ಅಲ್ಲ ಆಯಿ, ಚಾಕ್‌ಪೀಸು. ಸಾಲಿ ಧೂಳ."

"ಹಂಗಾರ ಈ ಕೌದಿ ಹೊಚಗೊಂಡ ಮಕ್ಕೊಂಡ್ರ ನನಗೂ ನಾಕ ಅಕ್ಷರ ಹತ್ತತಾವೇನ ನೋಡೂಣು," ಎಂದು ನಕ್ಕಳು.

ನಾನು ರಿಜಿಸ್ಟರು ತೆಗೆದು ಬಂದ ವೇಳೆ ಬರೆಯುವುದನ್ನು ಆಕೆ ಮೊದಲ ದಿನವೇ ಗಮನಿಸಿದ್ದಳು. ನಿತ್ಯ ಗೇಟು ದಾಟಿದೊಡನೆ, "ಬಂದ್ನಿರೀ, ಬರಕೊಳ್ರಿ," ಎಂದು ಹಾಜರಿ ಹೇಳುವಳು. ಒಂದು ದಿನ, "ಅಕ್ಕಾರ, ಬಂದಿದ್ದೂ ಬರೀತೀರಿ, ಹೋಗಿದ್ದೂ ಬರೀತೀರಿ. ನಡುವ ಎರಡ ಸಲ ಕೆಮ್ಮಿದ್ನೆಲ್ಲ, ಅದನ್ನ ಬಿಟ್ಟೀರಿ ನೋಡ್ರಿ," ಎಂದಳು. ಎದುರು ಮನೆಯ ಬಾಯಾರು ತಮ್ಮ ಗೇಟಿನಲ್ಲಿ ನಿಂತು ಅದನ್ನು ಕೇಳಿ ನಕ್ಕರು. ಅವರೂ ತಮ್ಮ ಹಳೆಯ ಸೀರೆಗಳನ್ನು ತೆಗೆದಿಟ್ಟಿದ್ದರು. ನನ್ನದು ಮುಗಿದ ಮೇಲೆ ಅವರದು, ಅವರದು ಮುಗಿದ ಮೇಲೆ ಮೂಲೆಮನೆಯವರದು ಎಂದು ಮಾತಾಗಿತ್ತು. ಒಂದು ಓಣಿ ಸಿಕ್ಕರೆ ಒಂದು ಬೇಸಿಗೆ ಕಳೆಯುತ್ತದೆ ಎಂದಿದ್ದಳು ಆಯಿ. ಇಂಥ ನಾಲ್ಕೈದು ಓಣಿಗಳ ಮೇಲೆ ಆಕೆಯ ವರ್ಷ ನಡೆಯುತ್ತಿತ್ತು.

ಕೌದಿ ಮುಗಿಯುತ್ತ ಬಂದಾಗ ಒಂದು ಮೂಲೆಯನ್ನು ಮಾತ್ರ ಹೊಲಿಯದೆ ಗೇಣುದ್ದ ಬಾಯಿ ಬಿಟ್ಟಳು. ಅದು ಕೌದಿಯ ಹೊಟ್ಟೆ. ಕೊನೆಯ ದಿನ ಮನೆಯೊಡತಿ ಒಂದು ಚೂರು ಕಟಕ ರೊಟ್ಟಿ ಕೊಡಬೇಕು. ಅದನ್ನು ಒಳಗಿಟ್ಟು ಬಾಯಿ ಹೊಲಿದ ಮೇಲೆಯೇ ಕೌದಿ ಪೂರ್ತಿ. "ಹಸದ ಕೌದಿ ಹೊಚಗೊಂಡ್ರ ಮನಷ್ಯಾಗ ನಿದ್ದಿ ಹತ್ತೂದಿಲ್ರಿ," ಎಂದಳು. ಇನ್ನೆರಡು ದಿನದ ಕೆಲಸವಿತ್ತು.

ಆ ಮಂಗಳವಾರ ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಆಕೆ ಬಂದಳು. ಗಡಿಯಾರ ನೋಡಿ ಬರೆದೆ. ಹನ್ನೊಂದರ ಸುಮಾರಿಗೆ ಗಂಟಲಿಗೆ ಕೊಟ್ಟ ಗುಳಿಗೆ ನುಂಗಿ ಒಳಗೆ ಮಲಗಿದೆ. ಆ ಗುಳಿಗೆಗೆ ಜೊಂಪು ಬರುತ್ತದೆ. ನಡುವೆ ಒಮ್ಮೆ, "ಅಕ್ಕಾರ, ಸೊಸೀನ ದವಾಖಾನಿಗೆ ಕರಕೊಂಡ ಹೋಗೂದೈತ್ರಿ, ಲಗೂನ ಹೊಂಟೇನ್ರಿ," ಎಂಬ ದನಿ ಕಿಟಕಿಯ ಆಚೆಯಿಂದ ಕೇಳಿಸಿತು. ‘ಹೂಂ’ ಎಂದೆನೋ ಇಲ್ಲವೋ. ಎದ್ದಾಗ ಎರಡು ಗಂಟೆ. ಕೌದಿ ಮಡಚಿ ಮೂಲೆಯಲ್ಲಿತ್ತು.

ಮೂರು ಗಂಟೆಗೆ ಎದುರು ಮನೆಯಿಂದ ಚೀರಾಟ ಕೇಳಿಸಿತು. ಬಾಯಾರ ಬೋರಮಾಳ ಸರ ಕಾಣೆಯಾಗಿತ್ತು. ಅವರ ಅತ್ತೆಯಿಂದ ಬಂದದ್ದು. ದೇವರ ಕೋಣೆಯ ಕಪಾಟಿನಲ್ಲಿಟ್ಟು, ಹಿಂಬಾಗಿಲಿಗೆ ಬರೀ ಚಿಲಕ ಹಾಕಿ, ಹನ್ನೆರಡೂವರೆಗೆ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದರು. ಒಂದಕ್ಕೆಲ್ಲ ಮರಳಿ ಬಂದಿದ್ದರು. ಆ ಅರ್ಧ ತಾಸಿನಲ್ಲಿ ಯಾರೋ ಒಳಹೊಕ್ಕಿದ್ದರು.

ಸಂಜೆ ಅಧ್ಯಕ್ಷರು ಬಂದರು. "ನಾಳೆ ಮುಂಜಾನೆ ಸಾಹೇಬ್ರು ಬರತಾರ್ರಿ ಟೀಚರ. ನಿಮ್ಮ ರಜಿಸ್ಟರ ನೋಡತಾರಂತ. ಎಲ್ಲಾ ಪೂರ್ತಿ ಐತಿಲ್ರಿ?"

"ಪೂರ್ತಿ ಇದೆ," ಎಂದೆ.

ಅವರು ಹೋದ ಮೇಲೆ ಪುಸ್ತಕ ತೆರೆದೆ. ಮಂಗಳವಾರದ ಸಾಲುಗಳಲ್ಲಿ ಆರನೆಯ ಕಾಲಂ ಮೂರು ಕಡೆ ಖಾಲಿಯಿತ್ತು: ಕಾಯಿಪಲ್ಲೆಯವನು, ಸಿಲಿಂಡರಿನವನು, ಆಯಿ.

ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಪಾಸಣೆಗೆ ಮೇಲಿನವರು ಬರುವ ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ಕುಳಿತು ನಾವೆಲ್ಲ ವಹಿಗಳ ಖಾಲಿ ಮನೆಗಳನ್ನು ತುಂಬುತ್ತಿದ್ದೆವು. ಪಾಠ ಟಿಪ್ಪಣಿ, ಚಲನವಲನ ವಹಿ, ಪಾಲಕರ ಭೇಟಿ. ಏನು ನಡೆದಿತ್ತೆಂಬುದಕ್ಕಿಂತ, ಸಾಮಾನ್ಯವಾಗಿ ಏನು ನಡೆಯುತ್ತದೆಯೋ ಅದನ್ನು ಬರೆಯುತ್ತಿದ್ದೆವು. ಅದರಲ್ಲಿ ಯಾರಿಗೂ ಮೋಸದ ಭಾವನೆ ಇರಲಿಲ್ಲ. ಖಾಲಿ ಬಿಡುವುದೇ ತಪ್ಪೆಂದು ಹಿರಿಯರು ಕಲಿಸಿದ್ದರು, ಕಿರಿಯರಿಗೆ ನಾನು ಕಲಿಸಿದ್ದೆ. ಪಾಠ ಮಾಡುವಾಗ ಒಂದು ಅಕ್ಷರ ಜಾರಿದರೂ ಸಹಿಸದ ನಾನು, ಈ ಒಂದು ವಿಷಯದಲ್ಲಿ ಎಂದೂ ಎರಡನೆಯ ಸಲ ಯೋಚಿಸಿದವಳಲ್ಲ.

ಅದೇ ಕೈಯಿಂದ ಮೂರೂ ಮನೆಗಳನ್ನು ತುಂಬಿದೆ. ಆಯಿ ನಿತ್ಯ ಹೊರಡುವುದು ಒಂದೂವರೆಗೆ. ಒಂದೂವರೆ ಎಂದು ಬರೆದೆ. ಜೊಂಪಿನಲ್ಲಿ ಕೇಳಿದ ದನಿ ನೆನಪಿರಲಿಲ್ಲವೇ? ಇತ್ತು. ಎಂದಿಗಿಂತ ಬೇಗ ಎನ್ನುವ ‘ಲಗೂನ’ ಎಂಬ ಪದವೂ ನೆನಪಿತ್ತು. ಆದರೆ ಎಷ್ಟು ಗಂಟೆಗೆಂದು ತಿಳಿದಿರಲಿಲ್ಲ, ಮತ್ತು ಖಾಲಿ ಬಿಟ್ಟರೆ ಆ ಹೊತ್ತಿನಲ್ಲಿ ನಾನು ಮಲಗಿದ್ದೆನೆಂಬುದು ಎಲ್ಲರಿಗೂ ಗೊತ್ತಾಗುತ್ತಿತ್ತು. ನಿಜ ಹೇಳಬೇಕೆಂದರೆ ಕಾರಣ ಇಷ್ಟೇ.

ಮರುದಿನ ಆಯಿ ಎಂದಿನಂತೆ ಬಂದು, "ಬಂದ್ನಿರೀ," ಎಂದು ಹಾಜರಿ ಹೇಳಿ, ದಾರದ ಉಂಡೆಯೊಂದನ್ನು ಸುತ್ತಿ ಮುಗಿಸಿ, ಸೂಜಿಗೆ ದಾರ ಪೋಣಿಸುತ್ತಿದ್ದಳು. ಹನ್ನೊಂದಕ್ಕೆ ಅಧಿಕಾರಿ ಒಬ್ಬ ಮಹಿಳಾ ಪೇದೆಯೊಂದಿಗೆ ಬಂದರು. ಅಧ್ಯಕ್ಷರೂ ಬಾಯಾರೂ ಜೊತೆಗಿದ್ದರು. ಅಧಿಕಾರಿ ನಿಂತೇ ಪುಟ ತಿರುವಿದರು, ಬೆರಳು ಒಂದು ಸಾಲಿನಲ್ಲಿ ನಿಂತಿತು.

"ಏನವಾ, ನಿನ್ನಿ ಎಷ್ಟೊತ್ತಿಗೆ ಹೋದಿ?"

"ಹನ್ನೆರಡರ ಗಾಡಿಗೆ ಹೋದ್ನಿರಿ ಸಾಹೇಬ್ರ. ಸೊಸೀಗಿ ದವಾಖಾನಿ ಇತ್ರಿ."

"ಇಲ್ಲಿ ಒಂದೂವರಿ ಅಂತ ಐತಿ."

"ಇಲ್ರಿ, ಹನ್ನೆರಡರ ಗಾಡಿ. ಹತ್ತ ಮಿನಿಟ ತಡಾ ಬಿಟ್ಟಿತ್ರಿ."

"ಟಿಕೀಟ ಐತೇನ?"

"ಹೆಂಗಸರಿಗಿ ಪುಕಟ್ ಟಿಕೀಟರಿ. ಸೊನ್ನಿ ಚೀಟಿ ಯಾರ ಇಟಗೋತಾರ್ರಿ?" ಎಂದ ಆಕೆ ನನ್ನ ಕಡೆ ತಿರುಗಿದಳು. ಆ ಮುಖದಲ್ಲಿ ಭಯವಿರಲಿಲ್ಲ. "ಅಕ್ಕಾರ, ನೀವ ಹೇಳ್ರಿ. ನಿಮಗ ಕೂಗಿ ಹೇಳೇ ಹೋದ್ನೆಲ್ಲ."

ಎಲ್ಲರೂ ನನ್ನನ್ನು ನೋಡಿದರು. ಆ ಕ್ಷಣದಲ್ಲಿ ಒಂದು ವಾಕ್ಯ ಸಾಕಿತ್ತು: ನಾನು ಮಲಗಿದ್ದೆ, ವೇಳೆಯನ್ನು ಆಮೇಲೆ ಬರೆದೆ. ಬದಲಾಗಿ ನಾನು ಹೇಳಿದ್ದು, "ರಿಜಿಸ್ಟರಿನಲ್ಲಿ ಬರೆದಿದೆಯಲ್ಲ."

ಕರ್ತೃವಿಲ್ಲದ ವಾಕ್ಯ. ಯಾರು ಬರೆದರು ಎಂಬುದು ಅದರಲ್ಲಿರಲಿಲ್ಲ.

ಆಯಿ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಎದ್ದಳು. ಪೊಲೀಸರು ಆಕೆಯೊಂದಿಗೆ ಒರಟಾಗಿ ನಡೆದುಕೊಳ್ಳಲಿಲ್ಲ. ಠಾಣೆಯಲ್ಲಿ ಕೂರಿಸಿ, ಹೇಳಿಕೆ ಬರೆದುಕೊಂಡು, ಸಂಜೆ ಕಳುಹಿಸಿದರೆಂದು ಕೇಳಿದೆ. ಆಕೆಯ ಚೀಲದಲ್ಲೂ ಮನೆಯಲ್ಲೂ ಏನೂ ಸಿಗಲಿಲ್ಲ. ಕೇಸೂ ಆಗಲಿಲ್ಲ. ಆದರೆ ಅಷ್ಟರೊಳಗೆ ಅಧ್ಯಕ್ಷರು ರಿಜಿಸ್ಟರಿನ ಆ ಪುಟದ ಫೋಟೋ ತೆಗೆದು, ಆಯಿಯ ಸಾಲಿಗೆ ಕೆಂಪು ಸುತ್ತು ಹಾಕಿ, ‘ಕೌದಿ ಹೊಲಿಯುವ ನೆವದಲ್ಲಿ ಬರುವವರ ಬಗ್ಗೆ ಎಚ್ಚರ’ ಎಂದು ಗ್ರೂಪಿನಲ್ಲಿ ಹಾಕಿದ್ದರು. ಅಲ್ಲಿಂದ ಅದು ಬೇರೆ ಬಡಾವಣೆಗಳಿಗೆ, ಬೇರೆ ಊರುಗಳಿಗೆ ಹೋಯಿತು. ರಾಮದುರ್ಗದಲ್ಲಿರುವ ನನ್ನ ತಂಗಿ ಅದನ್ನು ನನಗೇ ಕಳುಹಿಸಿ, ‘ಅಕ್ಕಾ, ಅಕ್ಷರ ನಿನ್ನದೇ ಅಲ್ಲ? ಎಷ್ಟು ಚಂದ,’ ಎಂದು ಬರೆದಿದ್ದಳು.

ಬೋರಮಾಳ ಇಂದಿಗೂ ಸಿಕ್ಕಿಲ್ಲ.

ವಾರಗಳು ಕಳೆದವು. ಓಣಿಗೆ ಕ್ಯಾಮೆರಾ ಬಂದಿತು, ರಿಜಿಸ್ಟರು ನನ್ನ ಕಪಾಟು ಸೇರಿತು. ಎದುರು ಮನೆಯ ಬಾಯಾರು ತಮ್ಮ ಹಳೆಯ ಸೀರೆಗಳನ್ನು ಭಾಂಡೆಯವಳಿಗೆ ಕೊಟ್ಟುಬಿಟ್ಟರು. ಬಾಯಿ ಬಿಟ್ಟ ಕೌದಿ ನನ್ನ ಮಂಚದ ಕೆಳಗೆ ಉಳಿಯಿತು. ಒಂದೂವರೆ ಎಂಬುದೂ ಸರಿಯಿರಬಹುದು, ಆಕೆಯೇ ಮರೆತಿರಬಹುದು, ಪೊಲೀಸರು ಬಿಟ್ಟರಲ್ಲ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಹೀಗೆ ಹೇಳಿಕೊಳ್ಳುವುದಕ್ಕೂ ಒಂದು ಅಭ್ಯಾಸ ಬೀಳುತ್ತದೆ.

ಚಳಿ ಶುರುವಾದಾಗ, ಉಳಿದ ಮೂಲೆಯನ್ನು ನಾನೇ ಹೊಲಿದು ಮುಗಿಸೋಣವೆಂದು ಒಂದು ಮಧ್ಯಾಹ್ನ ಕೌದಿಯನ್ನು ಹೊರಗೆ ಹಾಸಿದೆ. ಸೂಜಿ ಚುಚ್ಚಿದಲ್ಲೇ ಇತ್ತು. ದಾರದ ಉಂಡೆಯೂ ಮಡಿಕೆಯಲ್ಲಿತ್ತು. ಆಕೆ ದಾರವನ್ನು ಮಡಚಿದ ಕಾಗದದ ಚೂರಿಗೆ ಸುತ್ತುವ ರೂಢಿ. ಕೈಗೆ ಸಿಕ್ಕ ಯಾವ ಕಾಗದವಾದರೂ ಆದೀತು. ದಾರ ಬಿಚ್ಚುತ್ತ ಹೋದಂತೆ ನಡುವಿನ ಕಾಗದ ಸಡಿಲಾಗಿ ಮಡಿಲಿಗೆ ಬಿತ್ತು. ಬಸ್ಸಿನ ಚೀಟಿ. ಬೈಲಹೊಂಗಲದಿಂದ ಮುರಗೋಡ, ಮಹಿಳೆ, ಸೊನ್ನೆ ರೂಪಾಯಿ. ಕೆಳಗೆ ಆ ಮಂಗಳವಾರದ ತಾರೀಖು, ವೇಳೆ ಹನ್ನೆರಡು ಗಂಟೆ ಹತ್ತು ನಿಮಿಷ.

ಮಸುಕಾಗಿತ್ತು, ಆದರೆ ಓದಬಹುದಿತ್ತು. ನಾಲ್ಕೈದು ಸಲ ಓದಿದೆ. ಬುಧವಾರ ಬೆಳಿಗ್ಗೆ ಆಕೆ ನನ್ನ ಕಣ್ಣೆದುರಿಗೇ ಆ ಚೀಟಿಗೆ ದಾರ ಸುತ್ತಿದ್ದಳು. ಕೈಗೆ ಸಿಕ್ಕ ಕಾಗದವೆಂದು ಸುತ್ತಿದ ಆಕೆಗೆ ಅದು ಹಿಂದಿನ ದಿನದ ಚೀಟಿಯೆಂಬ ಗಮನವಿರಲಿಲ್ಲ, ಅದರಲ್ಲಿ ವೇಳೆ ಅಚ್ಚಾಗಿರುತ್ತದೆಂದು ಓದುಬಾರದವಳಿಗೆ ತಿಳಿದಿರಲೂ ಇಲ್ಲ. ಓದು ಬರುವ ನಾನು ಅಲ್ಲೇ ಕುಳಿತಿದ್ದೆ. ಬಾಯಾರು ಗಿರಣಿಗೆ ಹೊರಡುವ ಹೊತ್ತಿಗೆ ಆಯಿ ಊರ ದಾರಿಯಲ್ಲಿದ್ದಳು.

ಇಷ್ಟಾದ ಮೇಲೆ ಕೂಡಲೇ ಎದ್ದು ಹೋದೆನೆಂದು ಬರೆಯಲು ಆಸೆಯಾಗುತ್ತದೆ. ಹೋಗಲಿಲ್ಲ. ಚೀಟಿಯನ್ನು ಶಬ್ದಕೋಶದೊಳಗಿಟ್ಟು ಎಂಟು ದಿನ ಸುಮ್ಮನಿದ್ದೆ. ಶನಿವಾರ ಬಂದ ಮನೆಯವರಿಗೂ ಹೇಳಲಿಲ್ಲ. ಒಂಬತ್ತನೆಯ ದಿನ ಅಧ್ಯಕ್ಷರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ.

"ಈಗ್ಯಾಕ ಅದನ್ನ ಕೆದಕತೀರಿ ಟೀಚರ?" ಎಂದರು ಅವರು, ಸಿಟ್ಟಿನಿಂದಲ್ಲ, ನನ್ನ ಮೇಲಿನ ಕಾಳಜಿಯಿಂದಲೇ. "ಆಕೀನ ಬಿಟ್ಟ ಕಳಿಸ್ಯಾರ. ಮಂದಿ ಮರತಾರ. ನಿಮ್ಮ ಮರ್ಯಾದಿ ಪ್ರಶ್ನೆ ಐತಿ ನೋಡ್ರಿ."

ಮರ್ಯಾದೆಯ ಪ್ರಶ್ನೆ ಎಂಬುದು ನಿಜವೇ. ಯಾರ ಮರ್ಯಾದೆ ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಮೂರು ತಿಂಗಳಿಂದ ತಪ್ಪಾಗಿತ್ತು. ಅಲ್ಲಿಂದ ಠಾಣೆಗೆ ಹೋದೆ. ಅಧಿಕಾರಿ ಚೀಟಿಯ ಪ್ರತಿ ಮಾಡಿಸಿಕೊಂಡು, ನನ್ನ ಹೇಳಿಕೆ ಬರೆದುಕೊಂಡು, ಸಹಿ ಮಾಡುವಾಗ, "ಅವತ್ತ ಹೇಳಿದ್ರ ಆಕೀಗಿ ಒಂದ ದಿನಾ ಕುಂದರೂದು ತಪ್ಪತಿತ್ರಿ," ಎಂದರು. ಅಷ್ಟೇ ಎಂದರು.

ಮರುದಿನ ಕೌದಿಯನ್ನು ಚೀಲಕ್ಕೆ ಹಾಕಿಕೊಂಡು ಮುರಗೋಡದ ಬಸ್ಸು ಹತ್ತಿದೆ. ನನಗೂ ಸೊನ್ನೆ ಚೀಟಿ ಸಿಕ್ಕಿತು. ಅದರ ಮೇಲಿನ ವೇಳೆಯನ್ನು ಊರು ಬರುವವರೆಗೂ ನೋಡುತ್ತಿದ್ದೆ.

ಆಯಿ ಮನೆಯ ಮುಂದೆ ಕುಳಿತು ಕುಡಗೋಲಿನ ಹಿಡಿಗೆ ಬಟ್ಟೆ ಸುತ್ತುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. ಸೊಸೆ, ಕಂಕುಳಲ್ಲಿ ಎಳೆಗೂಸು, ಒಂದು ಚಾಪೆ ತಂದು ಹಾಸಿ ಒಳಗೆ ಹೋದಳು.

"ಕುಂದರ್ರಿ," ಎಂದಳು ಆಯಿ. "ಕೌದಿ ಬಿಟ್ಟ ಬಂದಿದ್ನಿ. ತಂದೀರೇನ?"

ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಅವತ್ತು ನಾನು ಮಲಗಿದ್ದೆನೆಂದೂ, ಒಂದೂವರೆ ಎಂಬುದನ್ನು ಸಂಜೆ ಕುಳಿತು ಬರೆದೆನೆಂದೂ, ಚೀಟಿ ದಾರದೊಳಗೆ ಸಿಕ್ಕಿತೆಂದೂ ಒಂದೊಂದಾಗಿ ಹೇಳಿದೆ. ಆಕೆ ಕೆಲಸ ನಿಲ್ಲಿಸದೆ ಕೇಳಿದಳು.

"ಅಂದ್ರ, ಗಡಿಯಾರ ನೋಡದ ಬರದ್ರಿ?"

"ಹೌದು ಆಯಿ."

"ನಾ ತಿಳದಿದ್ದ ಬ್ಯಾರೆ ಇತ್ರಿ ಅಕ್ಕಾರ. ನಿಮ್ಮ ಗಡಿಯಾರ ಕೆಟ್ಟಿತ್ತೇನೋ ಅಂದಕೊಂಡಿದ್ನಿ." ಕುಡಗೋಲನ್ನು ಪಕ್ಕಕ್ಕಿಟ್ಟಳು. "ಅಕ್ಷರ ಬಲ್ಲವರು ಸುಳ್ಳ ಬರೀತಾರಂತ ನನ್ನ ತಲ್ಯಾಗ ಬರಲಿಲ್ಲ ನೋಡ್ರಿ. ನಮ್ಮಂಥವ್ರು ಬಾಯಿಲೆ ಸುಳ್ಳ ಹೇಳಬಹುದು. ಕಾಗದದಾಗಿಂದು ಖರೇನ ಇರತೈತಿ ಅಂದಕೊಂಡಿದ್ನಿ. ನನಗ ನನ್ನ ಮ್ಯಾಲೇ ಸೌಂಶೆ ಬಂದಿತ್ರಿ. ನಾ ಅವತ್ತ ಯಾವ ಗಾಡಿಗೆ ಬಂದ್ನೆಪಾ ಅಂತ."

"ತಪ್ಪಾಯಿತು" ಎಂದೆ. ದನಿ ನನ್ನ ಚಾಪೆಯನ್ನೂ ದಾಟಲಿಲ್ಲ.

"ತಪ್ಪ ಆತು. ಇಲ್ಲಿ ಬಂದ ನನ್ನ ಮುಂದ ಅಂದ್ರ ಏನಾತ್ರಿ? ನಾ ಕದ್ದಿಲ್ಲಂಬೂದು ನನಗ ಗೊತ್ತೈತಿ." ಆಕೆ ಕೈಯೆತ್ತಿ ಬೈಲಹೊಂಗಲದ ದಿಕ್ಕು ತೋರಿಸಿದಳು. "ನಿಮ್ಮ ಮಂದಿ ಮುಂದ ಅನ್ರಿ. ಬರದ ತೋರಸಬ್ಯಾಡ್ರಿ. ಬಾಯಿಲೆ ಅನ್ರಿ. ಆಮ್ಯಾಲ ನಾ ಬಂದ ಆ ಮೂಲಿ ಹೊಲದ ಕೊಡತೇನಿ. ಅಲ್ಲೇ, ಎಲ್ಲಿ ಕುಂತಿದ್ನೆ ಅಲ್ಲೇ. ಕೌದಿ ಏನ ತಪ್ಪ ಮಾಡೇತಿ, ಹಸದ ಇರಾಕ?"

ಆ ರವಿವಾರ ಸಂಘದ ಸಭೆಯಿತ್ತು. ನೀರಿನ ವಿಷಯ ಮುಗಿದ ಮೇಲೆ ಎದ್ದು ನಿಂತೆ. ಎಲ್ಲವನ್ನೂ ಹೇಳಿ ಮುಗಿಸಿದಾಗ ಹಿಂದಿನ ಸಾಲಿನಿಂದ ಒಬ್ಬರು, "ಕೇಳಸಲಿಲ್ರಿ ಟೀಚರ, ಇನ್ನೊಮ್ಮೆ ಜೋರ ಹೇಳ್ರಿ," ಎಂದರು. ಅವರಲ್ಲಿ ಯಾವ ಕುಹಕವೂ ಇರಲಿಲ್ಲ. ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವಾಗ ವಾಕ್ಯಗಳು ಚಿಕ್ಕವಾದವು: ನಾನು ಮಲಗಿದ್ದೆ. ಸುಳ್ಳು ಬರೆದೆ. ಆಕೆ ಹನ್ನೆರಡಕ್ಕೇ ಹೋಗಿದ್ದಳು. ಎದುರು ಮನೆಯ ಬಾಯಾರು ತಮ್ಮ ಕೈಬಳೆಗಳನ್ನು ನೋಡುತ್ತ ಕುಳಿತಿದ್ದರು. ಅಧ್ಯಕ್ಷರು ತಾವು ಹಾಕಿದ ಫೋಟೋವನ್ನು ಗ್ರೂಪಿನಿಂದ ತೆಗೆಯಲು ಹೋದರೆ, ಬಹಳ ದಿನವಾದುದರಿಂದ ಎಲ್ಲರ ಫೋನಿನಿಂದ ಅಳಿಸಲು ಬರಲಿಲ್ಲ.

ಗುರುವಾರ ಬೆಳಿಗ್ಗೆ ಆಯಿ ಬಂದಳು. ಗೇಟು ದಾಟಿದಳು, ಆದರೆ ಹಾಜರಿ ಹೇಳಲಿಲ್ಲ. ಹಳೆಯ ಜಾಗದಲ್ಲಿ ಕೌದಿ ಹಾಸಿ, ಅದೇ ಸೂಜಿಗೆ ದಾರ ಪೋಣಿಸಿ, ಕೈ ಚಾಚಿದಳು. ಒಳಗಿನಿಂದ ಕಟಕ ರೊಟ್ಟಿಯ ಒಂದು ಚೂರು ತಂದು ಕೊಟ್ಟೆ. ಅದನ್ನು ಮೂಲೆಯ ಬಾಯಿಯೊಳಗೆ ತಳ್ಳಿ, ಅರ್ಧ ತಾಸಿನಲ್ಲಿ ಹೊಲಿದು ಮುಚ್ಚಿದಳು. ಎದುರು ಗೇಟಿನಲ್ಲಿ ಬಾಯಾರು ಬಂದು ನಿಂತಿದ್ದರು, ದಾಟಿ ಬರಲೋ ಬೇಡವೋ ಎಂಬಂತೆ.

"ಆ ಪುಸ್ತಕ ತರ್ರಿ ಅಕ್ಕಾರ," ಎಂದಳು ಆಯಿ.

ರಿಜಿಸ್ಟರನ್ನು ತಂದೆ. ಆ ಮಂಗಳವಾರದ ಪುಟವನ್ನು ತೆರೆದೆ. ಹಿಂದಿನ ರಾತ್ರಿಯೇ ತಿದ್ದಿಡಬೇಕೆಂದು ಕೈ ತುಡಿದಿತ್ತು, ತಿದ್ದಿರಲಿಲ್ಲ. ಆಕೆಯ ಎದುರಿಗೇ ಒಂದೂವರೆ ಎಂಬುದಕ್ಕೆ ಒಂದೇ ಗೆರೆ ಹೊಡೆದು, ಕೆಳಗಿನ ಅಕ್ಷರ ಕಾಣುವಂತೆಯೇ ಬಿಟ್ಟು, ಪಕ್ಕದಲ್ಲಿ ಬರೆದು ಸಹಿ ಮಾಡಿದೆ.

"ಬಾಯಾರ, ಇಲ್ಲಿ ಬರ್ರಿ," ಎಂದು ಆಯಿ ಓಣಿಯ ಆಚೆಗೆ ಕೂಗಿದಳು. "ಇದರಾಗ ಏನೈತಿ ಓದ್ರಿ. ಇವರ ಓದಬಾರದು, ನೀವ ಓದ್ರಿ."

ಬಾಯಾರು ಬಂದರು. ಕನ್ನಡಕ ತಂದಿರಲಿಲ್ಲ, ಪುಸ್ತಕವನ್ನು ದೂರ ಹಿಡಿದು ಓದಿದರು. "ಹನ್ನೆರಡೂ ಹತ್ತಕ್ಕೆ ಬಸ್ಸಿನಲ್ಲಿದ್ದರು. ಮೊದಲು ಬರೆದ ವೇಳೆ ನೋಡಿ ಬರೆದದ್ದಲ್ಲ. ಅದು ಸುಳ್ಳು." ನಿಂತರು. "ಟೀಚರ ಸಹಿ ಐತಿ." ಪುಸ್ತಕ ನನ್ನ ಕೈಗೆ ಕೊಟ್ಟು, "ನಾ ನಿನ್ನ ಹೆಸರ ಹೇಳಿರಲಿಲ್ಲ ಆಯಿ," ಎಂದರು.

"ಯಾರೂ ಹೇಳಿಲ್ರಿ. ಅದ ಮಜಾ ನೋಡ್ರಿ," ಎಂದಳು ಆಯಿ, ಕೌದಿ ಝಾಡಿಸುತ್ತ.

"ನನ್ನೂ ಒಂದ ಕೌದಿ..." ಎಂದು ಬಾಯಾರು ಶುರುಮಾಡಿ, ಸೀರೆಗಳನ್ನು ಕೊಟ್ಟುಬಿಟ್ಟದ್ದು ನೆನಪಾಗಿ ನಿಲ್ಲಿಸಿದರು.

"ಬ್ಯಾಡ್ರಿ. ಇನ್ನ ಈ ಕಡೆ ಬರೂದಿಲ್ಲ. ಸವದತ್ತ್ಯಾಗ ಒಂದ ಓಣಿಗೆ ಹೋಗಿದ್ನಿ ಹೋದ ತಿಂಗಳ. ಒಬ್ಬಾಕಿ ಫೋನ್ ತಗದ ನನ್ನ ಸೂಜಿ-ದಾರ ನೋಡಿದ್ಲು, ಫೋನ್ ನೋಡಿದ್ಲು, ಗೇಟ ಹಾಕಿದ್ಲು." ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. "ಈ ಪುಸ್ತಕದಾಗ ಗೆರಿ ಹೊಡದ್ರಿ, ಚಲೋ ಆತು. ಆ ಫೋನಿನ್ಯಾಗ ಯಾರ ಹೊಡೀತಾರ್ರಿ?"

ಚಹಾ ಕುಡಿದು ಹೋಗು ಎಂದೆ. ಗಾಡಿ ತಪ್ಪುತ್ತದೆ ಎಂದಳು. ಆಕೆ ಮಡಚಿಟ್ಟ ಕೌದಿ ಇಂದಿಗೂ ನನ್ನ ಹಾಸಿಗೆಯ ಕಾಲ್ದೆಸೆಯಲ್ಲಿದೆ. ಮನೆಯವರು ಹೊದೆಯುತ್ತಾರೆ, ನಾನು ಇನ್ನೂ ಹೊದ್ದಿಲ್ಲ.

ಗೇಟಿನಲ್ಲಿ ಒಮ್ಮೆ ತಿರುಗಿ, "ಹೊಂಟೇನ್ರಿ. ಗಡಿಯಾರ ನೋಡಿ ಬರೀರಿ," ಎಂದಳು.

ಪುಸ್ತಕ ಮಡಿಲಲ್ಲಿ ತೆರೆದಿತ್ತು, ಪೆನ್ನು ಕೈಯಲ್ಲಿತ್ತು. ಆಕೆ ಗಡಿಬಿಡಿಯಿಲ್ಲದೆ ನಡೆಯುತ್ತಿದ್ದಳು. ಕ್ಯಾಮೆರಾದ ಕಂಬದ ಕೆಳಗೆ ಹಾದು, ಓಣಿಯ ತಿರುವಿನಲ್ಲಿ ಮರೆಯಾದಳು. ಅಲ್ಲಿಯವರೆಗೆ ಕಾದು, ಗಡಿಯಾರ ನೋಡಿ, ಮತ್ತೊಮ್ಮೆ ನೋಡಿ, ಆರನೆಯ ಕಾಲಮಿನಲ್ಲಿ ಬರೆದೆ: ಹನ್ನೊಂದೂ ಇಪ್ಪತ್ತೆರಡು.